ಒಲೆಯ ಮುಂದಿನ ಒಡಪು

ಸಂಶಿಯಲ್ಲಿ ನಮ್ಮ ಮನೆಗೂ ಕುಬೇರಪ್ಪನವರ ಮನೆಗೂ ನಡುವೆ ಒಂದೇ ಗೋಡೆ. ಬೆಳಗಿನಲ್ಲಿ ಗೋಡೆಯ ಆಚೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ, ಬಡಿಯುತ್ತಿರುವವಳು ಹಿರಿಯ ಸೊಸೆಯೋ ಕಿರಿಯ ಸೊಸೆಯೋ ಎಂಬುದನ್ನು ನಾನು ಕುಳಿತಲ್ಲಿಂದಲೇ ಹೇಳಬಲ್ಲೆ. ಕಿರಿಯವಳಾದ ಸುಮಂಗಲೆ ಒಲೆಯ ಮುಂದಿದ್ದರೆ ಸಪ್ಪಳಕ್ಕಿಂತ ಮಾತೇ ಹೆಚ್ಚು. ಹಿರಿಯವಳಾದ ದಾನೇಶ್ವರಿ ಇದ್ದರೆ ಮಾತಿಲ್ಲ. ಆದರೆ ಆ ಬಡಿತಕ್ಕೊಂದು ತಾಳವಿರುತ್ತದೆ. ಸ್ವಲ್ಪ ಬಡಿದು ತಡೆಯುತ್ತಾಳೆ, ಮತ್ತೆ ಬಡಿಯುತ್ತಾಳೆ, ಏನನ್ನೋ ಜೋಡಿಸಿ ನೋಡುವವಳ ಹಾಗೆ.

ದಾನೇಶ್ವರಿ ನನ್ನ ವಿದ್ಯಾರ್ಥಿನಿ. ನಾನು ಬಮ್ಮಿಗಟ್ಟಿಯ ಶಾಲೆಯಲ್ಲಿ ಶಿಕ್ಷಕಿಯಾಗಿ, ಮಕ್ಕಳ ಬಾಯಲ್ಲಿ ‘ಅಕ್ಕೋರು’ ಆಗಿದ್ದಾಗ ಆಕೆ ಕಿಟಕಿಯ ಬದಿಯ ಸಾಲಿನಲ್ಲಿ ಕೂಡುತ್ತಿದ್ದಳು. ಹಾಜರಿ ಕೂಗಿದರೆ ಉಳಿದ ಹುಡುಗಿಯರು ‘ಹಾಜರ್ರಿ’ ಎಂದು ಒದರುತ್ತಿದ್ದರು. ಈಕೆ ಕೈ ಮಾತ್ರ ಎತ್ತುತ್ತಿದ್ದಳು. ಪದ್ಯ ಬಾಯಿಪಾಠ ಬರುತ್ತಿತ್ತು, ಎದ್ದು ನಿಂತು ಹೇಳಲು ಬರುತ್ತಿರಲಿಲ್ಲ. ಆದರೆ ಆಟದ ಬಯಲಿನಲ್ಲಿ ಹುಡುಗಿಯರು ಕುಂಟುತ್ತ ಕೂಗುತ್ತಿದ್ದ ಹಾಡುಗಳನ್ನು ಕಟ್ಟಿಕೊಡುತ್ತಿದ್ದವಳು ಈಕೆಯೇ. ಒಬ್ಬಳ ಕಿವಿಯಲ್ಲಿ ಉಸುರುತ್ತಿದ್ದಳು, ಆ ಹುಡುಗಿ ಗಟ್ಟಿಯಾಗಿ ಹೇಳಿ ಹೆಸರು ಗಳಿಸುತ್ತಿದ್ದಳು. ಆಗ ಅದು ನನಗೆ ಮಕ್ಕಳ ಆಟವೆಂದೇ ಕಂಡಿತ್ತು.

ನಾನು ಸಂಶಿಗೆ ವರ್ಗವಾಗಿ ಬಂದ ಕೆಲವು ವರ್ಷಗಳ ಮೇಲೆ ಆಕೆ ಕುಬೇರಪ್ಪನವರ ಹಿರಿಯ ಮಗ ಗೌರೀಶನ ಹೆಂಡತಿಯಾಗಿ ಪಕ್ಕದ ಮನೆಗೇ ಬಂದಳು. ಮನೆ ತುಂಬಿಸಿಕೊಳ್ಳುವ ದಿವಸ ನಾನೂ ಅಲ್ಲಿದ್ದೆ. ನಮ್ಮ ಕಡೆಯಲ್ಲಿ ಹೊಸ ಸೊಸೆ ಹೊಸಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಹೇಳಿದ ಮೇಲೆಯೇ ಒಳಗೆ ಬಿಡುವುದು. ಒಡಪು ಎಂದರೆ ಎರಡು ಸಾಲು. ಪ್ರಾಸ ಕೂಡಬೇಕು, ಹೆಸರು ಬರಬೇಕು, ಕೇಳಿದವರು ನಗಬೇಕು. ದಾನೇಶ್ವರಿ ಬಿಸಿಲಿನಲ್ಲಿ ನಿಂತಳು. ತುಟಿ ಒಣಗಿದವು, ಹಣೆಯ ಕುಂಕುಮ ಬೆವರಿಗೆ ಇಳಿಯಿತು. ಹೆಂಗಸರು ಮೊದಲು ನಕ್ಕರು, ಆಮೇಲೆ ಕಾದರು, ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡಿದರು. ಕಡೆಗೆ ಅತ್ತೆ ಗೌರಕ್ಕ, ಹುಡುಗಿಗೆ ಹಸಿವಾಗಿದೆ ಬಿಡಿರೆಂದು ಹೇಳಿ ತಾನೇ ಮಗನ ಹೆಸರು ಹೇಳಿ ಕೈಹಿಡಿದು ಒಳಗೆ ಕರೆದುಕೊಂಡಳು.

ಅಂದಿನಿಂದ ಬೀಗರ ಬಳಗದಲ್ಲಿ ಆಕೆಗೆ ‘ಗಂಡನ ಹೆಸರ ಮರತಾಕಿ’ ಎಂಬ ಹೆಸರು ಅಂಟಿತು. ಕೆಲವರು ಸೊಕ್ಕೆಂದರು. ಒಬ್ಬ ಸೋದರತ್ತೆಯಂತೂ, “ಹಿಂಗ ಮೂಗಬಸವಿ ಹಂಗ ಕುಂತ್ರ ಒಂದಿವ್ಸ ಇಕಿನ್ನ ಧಾರವಾಡಕ್ಕ ಕರಕೊಂಡ ಹೋಗೂದ ಬರತೈತಿ ನೋಡ್ರಿ,” ಎಂದಳು. ಧಾರವಾಡದಲ್ಲಿ ಹುಚ್ಚಾಸ್ಪತ್ರೆಯಿದೆ; ನಮ್ಮ ಹಳ್ಳಿಗಳಲ್ಲಿ ಆ ಮಾತಿಗೆ ಹುಚ್ಚು ಹಿಡಿದಿದೆಯೆಂದೇ ಅರ್ಥ. ಒಳಗೆ ಚಹಾ ಸೋಸುತ್ತಿದ್ದ ದಾನೇಶ್ವರಿಗೆ ಅದು ಕೇಳಿಸಿತು.

ಆಕೆಗಿದ್ದದ್ದು ಸೊಕ್ಕಲ್ಲ, ಹುಚ್ಚೂ ಅಲ್ಲ; ಅಂಜಿಕೆ. ಹೊರಗಿನವರು ಯಾರೇ ಬಂದರೂ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ತಾನು ಬಾಯಿ ತೆರೆದರೆ ತಪ್ಪಾಗಿ ಏನೋ ಬರುತ್ತದೆ ಎನಿಸುತ್ತಿತ್ತು. ಇಮಾಮುದ್ದೀನನ ಕಿರಾಣಿ ಅಂಗಡಿಗೆ ಹೋದರೆ ಚೀಟಿ ಚಾಚುತ್ತಿದ್ದಳು. ಮಗಳ ಶಾಲೆಯಲ್ಲಿ ಪಾಲಕರ ಸಭೆ ಕರೆದಾಗ ನೀರಿನ ನಲ್ಲಿಯ ಹತ್ತಿರ ನಿಂತು ಹಾಗೆಯೇ ಮನೆಗೆ ಮರಳಿದಳು. ಮದುವೆ, ಬಸುರಿಗೆ ಮಾಡುವ ಕುಬಸ, ಕೂಸಿನ ತೊಟ್ಟಿಲು, ಯಾವುದಕ್ಕೆ ಹೋದರೂ ಅಡುಗೆಯ ಕಡೆಗೇ ಸರಿಯುತ್ತಿದ್ದಳು. ಗೌರೀಶ ಒಳ್ಳೆಯವನು, ಆದರೆ ಮಾತಿನಲ್ಲಿ ಅವನೂ ಕಡಿಮೆಯೇ. ನಿನಗೆ ಏನಾಗುತ್ತದೆ ಹೇಳು ಎಂದು ಕೇಳುತ್ತಿದ್ದ. ಹೇಳುವುದೇ ಆಗದವಳಿಗೆ ಅದಕ್ಕೆ ಉತ್ತರವೆಲ್ಲಿಂದ ಬರಬೇಕು?

ಹೀಗೆಯೇ ಬದುಕು ಸಾಗುತ್ತಿತ್ತೇನೋ. ಅಷ್ಟರಲ್ಲಿ ಕಿರಿಯ ಮಗ ಸಿದ್ಧಲಿಂಗನ ಮದುವೆಯಾಗಿ ಸುಮಂಗಲೆ ಬಂದಳು.

ಆಕೆಗೂ ನಾದಿನಿಯರು ಅದೇ ಬಾಗಿಲು ಹಿಡಿದರು. “ಇಷ್ಟ ಸಡ್ಲ ಹಿಡಿದ್ರ ಹೆಂಗ್ರಿ, ನಾ ನೂಕಿಕೊಂಡ ಬಂದೇನು. ಬಿಗೀ ಹಿಡೀರಿ,” ಎಂದು ತಾನೇ ಅವರನ್ನು ಕೆಣಕಿ, ಒಂದರ ಮೇಲೊಂದು ಒಡಪು ಹೇಳಿದಳು. ಕುಬೇರಪ್ಪನವರು ಹೊರಗಿನ ಕಟ್ಟೆಯ ಮೇಲೆ ಕುಳಿತಲ್ಲಿಯೇ ನಕ್ಕರು. ಗೌರೀಶನೂ ನಕ್ಕು ಕಣ್ಣೊರೆಸಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ದಾನೇಶ್ವರಿ ನೋಡಿದ್ದು ಅದನ್ನೇ. ತನ್ನ ಗಂಡ ಹಾಗೆ ಕಣ್ಣಲ್ಲಿ ನೀರು ಬರುವಂತೆ ನಗಬಲ್ಲನೆಂಬುದು ಆಕೆಗೆ ಆವರೆಗೆ ತಿಳಿದಿರಲಿಲ್ಲ.

ಮತ್ಸರ ಅಂದು ಆಕೆಯ ಹೊಟ್ಟೆಯಲ್ಲಿ ಕುಳಿತದ್ದು ಮುಂದೆ ಏಳಲೇ ಇಲ್ಲ. ಅತ್ತೆ ‘ಸುಮಾ’ ಎಂದು ಕರೆಯುವಾಗಿನ ದನಿ, ‘ದಾನವ್ವಾ’ ಎಂದು ಕರೆಯುವಾಗಿನ ದನಿ, ಎರಡನ್ನೂ ತೂಗಿ ನೋಡುತ್ತಿದ್ದಳು. ಹಾಲು ಹಾಕುವವನು ಸುಮಂಗಲೆ ಪಾತ್ರೆ ಹಿಡಿದರೆ ಒಂದಿಷ್ಟು ಮಿಗಿಲು ಹಾಕುತ್ತಾನೆಂದು ಆಕೆಗೆ ಅನುಮಾನ. ಮಗಳು ಶಾಲೆಯಿಂದ ಬಂದು ಕಾಕಿ ಸುಮಂಗಲೆಯ ತೊಡೆಗೆ ಓಡಿದರೆ ಅದೂ ಚುಚ್ಚುತ್ತಿತ್ತು. ಒಂದು ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ತಲೆ ಎತ್ತದೆ ನನಗೆ ಹೇಳಿದಳು. “ಅಕ್ಕೋರ, ಆಕಿ ನಕ್ಕರ ನನಗ ಹೊಟ್ಟಿ ಉರಿತೈತ್ರಿ. ಆಕಿ ಕೆಟ್ಟಾಕಿ ಇದ್ದಿದ್ರರ ಚಲೋ ಇತ್ತು. ಬೈಕೊಂತ ಇರತಿದ್ನಿ. ಕೆಟ್ಟಾಕೀನೂ ಅಲ್ಲ.”

ನಿಜವಾಗಿಯೂ ಸುಮಂಗಲೆ ಕೆಟ್ಟವಳಲ್ಲ. ಅಕ್ಕಾ ಅಕ್ಕಾ ಎಂದು ಒಲೆಯ ಬಾಜು ಬಂದು ಕೂಡುತ್ತಿದ್ದಳು. ಉಳ್ಳಾಗಡ್ಡಿ ಹೆಚ್ಚುತ್ತ, ಊರಿನ ಸುದ್ದಿಯನ್ನೆಲ್ಲ ಹೇಳುತ್ತ, ಮಾತು ಮುಗಿದಾಗ ದಾನೇಶ್ವರಿಯ ಕಡೆಗೆ ಕಿವಿಗೊಡುತ್ತಿದ್ದಳು. ಅಲ್ಲಿ ಕೇಳಲು ಒಂದು ವಿಷಯವಿತ್ತು. ದಾನೇಶ್ವರಿ ರೊಟ್ಟಿ ಬಡಿಯುವಾಗ ಅಂಗೈಯ ತಾಳಕ್ಕೆ ಒಡಪು ಕಟ್ಟುತ್ತಿದ್ದಳು. ಬಾಗಿಲಲ್ಲಿ ಅಂದು ಹೇಳಲಾಗದ್ದನ್ನು ಅದೆಷ್ಟೋ ಬಗೆಯಲ್ಲಿ ಕಟ್ಟಿ, ತುಟಿಯಲ್ಲಿಯೇ ಅಂದುಕೊಂಡು, ರೊಟ್ಟಿ ತವೆಗೆ ಬಿದ್ದೊಡನೆ ಬಿಟ್ಟುಬಿಡುತ್ತಿದ್ದಳು. ಅದು ಇನ್ನೊಬ್ಬರಿಗೆ ಕೇಳಿಸುತ್ತದೆಂದು ಆಕೆಗೆ ಹೊಳೆದಿರಲಿಲ್ಲ.

ಕುಂದಗೋಳದಲ್ಲಿ ನಡೆದ ಬಳಗದ ಮದುವೆಯೊಂದರಲ್ಲಿ ಅದು ಹೊಳೆಯಿತು. ಊಟಕ್ಕೆ ಮೊದಲು ಹೆಂಗಸರು ಸುಮಂಗಲೆಯನ್ನು ಹಿಡಿದು ನಿಲ್ಲಿಸಿ ಹೆಸರು ಹೇಳೆಂದರು. ಆಕೆ ಸೆರಗು ಸಿಕ್ಕಿಸಿಕೊಂಡು ಹೇಳಿದಳು:

“ಕರಿ ಎರಿ ಹೊಲದಾಗ ಬಿಳಿಜ್ವಾಳದ ತೆನಿ,
ಸಿದ್ಧಲಿಂಗ ಅವರು ಹೊಳ್ಳಿ ಬಂದ್ರ ತುಂಬತೈತಿ ಮನಿ.”

ಮಂಟಪದಲ್ಲಿ ಚಪ್ಪಾಳೆ ಬಿತ್ತು. ದಾನೇಶ್ವರಿ ಕೋಸಂಬರಿಯ ಬುಟ್ಟಿ ಹಿಡಿದು ಕಂಬದ ಹಿಂದೆ ನಿಂತಿದ್ದಳು. ಆ ಎರಡು ಸಾಲನ್ನು ಆಕೆ ಹಿಂದಿನ ವಾರವಷ್ಟೇ ಒಲೆಯ ಮುಂದೆ ಕಟ್ಟಿದ್ದಳು. ಒಂದೇ ಒಂದು ಮಾತು ಬದಲಾಗಿತ್ತು: ಗೌರೀಶನ ಹೆಸರನ್ನು ತೆಗೆದು ಆ ಜಾಗದಲ್ಲಿ ಸಿದ್ಧಲಿಂಗನ ಹೆಸರನ್ನು ಕೂಡಿಸಲಾಗಿತ್ತು. ತನ್ನ ಗಂಡನನ್ನು ತನ್ನ ಮನೆಯಿಂದಲೇ ಎಬ್ಬಿಸಿ ಹೊರಗೆ ಕಳಿಸಿದ ಹಾಗಾಯಿತು ಎಂದು ಆಕೆ ಆಮೇಲೆ ನನಗೆ ಹೇಳಿದಳು. ನನ್ನದನ್ನೇಕೆ ತೆಗೆದುಕೊಂಡೆಯೆಂದು ಕೇಳಬೇಕೆನಿಸಿತು. ಕೇಳಲು ಬಾಯಿ ಬೇಕಿತ್ತು. ಬುಟ್ಟಿಯನ್ನು ಕಂಬದ ಬುಡದಲ್ಲಿಟ್ಟು ಹೊರಗೆ ಹೋಗಿ ಬಸ್ಸು ನಿಲ್ಲುವಲ್ಲಿ ಒಬ್ಬಳೇ ಕುಳಿತಳು.

ಔಷಧಿ ಹುಡುಕಲು ಆಕೆಯನ್ನು ಎಬ್ಬಿಸಿದ್ದು ಅಂಜಿಕೆಯಲ್ಲ, ಈ ಹೊಟ್ಟೆಕಿಚ್ಚು. ಅಂಜಿಕೆಯೊಂದೇ ಆಗಿದ್ದರೆ ಆಕೆ ಅದರ ಜೊತೆಗೆ ಮುದುಕಿಯಾಗುತ್ತಿದ್ದಳು.

ಹುಡುಕಾಟ ಸುಲಭವಾಗಲಿಲ್ಲ. ಗೌರಕ್ಕ ಮೊದಲು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು, ಒಂದು ತಾಯಿತ ಕಟ್ಟಿಸಿದಳು. ಊರಿನ ಡಾಕ್ಟರು ರಕ್ತ ಕಡಿಮೆಯಿದೆಯೆಂದು ಶಕ್ತಿಯ ಔಷಧಿ ಕೊಟ್ಟರು. ಆಕೆ ಮೈ ತುಂಬಿಕೊಂಡಳೇ ಹೊರತು ಮಾತು ಬರಲಿಲ್ಲ. ಮೊಬೈಲಿನಲ್ಲಿ ಯಾರೋ ಒಬ್ಬರು ಕನ್ನಡಿಯ ಮುಂದೆ ನಿಂತು ನಾನು ಹುಲಿ ಎಂದು ಹೇಳಿಕೊಳ್ಳಬೇಕೆಂದು ಕಲಿಸುತ್ತಿದ್ದರು. ಕನ್ನಡಿಯ ಮುಂದೆ ಆಕೆಗೆ ಮೊದಲೇ ಅಂಜಿಕೆಯಿರಲಿಲ್ಲ. ಮನಸ್ಸಿನ ತೊಂದರೆಗೆ ಪುಕ್ಕಟೆ ಸಲಹೆ ಕೊಡುವ ಸಹಾಯವಾಣಿ ಇದೆ, ಫೋನು ಮಾಡಿದರೆ ಸಾಕು ಎಂದು ಇನ್ನೊಂದು ಕಡೆ ಕಂಡಿತು. ಗುರುತಿಲ್ಲದವರಿಗೆ ಫೋನು ಮಾಡುವುದೊಂದನ್ನು ಬಿಟ್ಟು ಬೇರೆ ಏನನ್ನಾದರೂ ಮಾಡಲು ಆಕೆ ಸಿದ್ಧಳಿದ್ದಳು. ಗೌರೀಶ ಧೈರ್ಯ ಮಾಡಿ ಹುಬ್ಬಳ್ಳಿಯ ಖಾಸಗಿ ಡಾಕ್ಟರೊಬ್ಬರಲ್ಲಿಗೆ ಕರೆದುಕೊಂಡು ಹೋದ. ಅಲ್ಲಿ ಜನ ಕಿಕ್ಕಿರಿದು ಕುಳಿತಿದ್ದರು. ಕಂಪೌಂಡರ್ ಒಬ್ಬೊಬ್ಬರ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಕೂಗುತ್ತಿದ್ದ. ಕೂಗಿಸಿಕೊಂಡವರು ಎದ್ದಾಗ ಎಲ್ಲರೂ ತಿರುಗಿ ನೋಡುತ್ತಿದ್ದರು. ತನ್ನ ಸರದಿ ಬರುವ ಮೊದಲೇ ಆಕೆ ಮೆಟ್ಟಿಲಿಳಿದು ಬೀದಿಗೆ ಬಂದಿದ್ದಳು.

ದಾರಿ ತೋರಿಸಿದವಳು ಆಶಾ ಕಾರ್ಯಕರ್ತೆ ಫಾತಿಮಾಬಿ. ಆಕೆ ಬಂದದ್ದು ಸುಮಂಗಲೆಗಾಗಿ. ಸುಮಂಗಲೆ ಬಸುರಿಯಾಗಿದ್ದಳು, ಹೆಸರು ಬರೆದುಕೊಳ್ಳಬೇಕಾಗಿತ್ತು. ದಾನೇಶ್ವರಿ ಬಾಗಿಲ ಮರೆಯಿಂದ ಕೈ ಚಾಚಿ ನೀರಿನ ತಂಬಿಗೆಯನ್ನು ನೆಲದ ಮೇಲೆ ಸರಿಸಿದಳು. ಮನೆಮನೆ ತಿರುಗಿದ ಫಾತಿಮಾಬಿಯ ಕಣ್ಣಿಗೆ ಆ ಕೈಯ ನಡುಕ ಬಿತ್ತು. ಹೋಗುವಾಗ ಹಿತ್ತಲಿಗೆ ಸುತ್ತಿಕೊಂಡು ಬಂದು, ಕುಂದಗೋಳದ ಸರಕಾರಿ ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ, ಮಾತನಾಡಿಸಿ ಧೈರ್ಯ ಕೊಡುವ ಮೇಡಂ ಒಬ್ಬರೂ ಇರುತ್ತಾರೆ, ಹೆಸರು ಕೂಗದಂತೆ ತಾನು ಹೇಳಿ ಇಡುತ್ತೇನೆ ಎಂದಳು.

ಮನೆಯಲ್ಲಿ ಹಲ್ಲು ನೋವೆಂದು ಹೇಳಿ ದಾನೇಶ್ವರಿ ಹೊರಟಳು. ಡಾಕ್ಟರು ಕೇಳಬೇಕಾದದ್ದನ್ನೆಲ್ಲ ಕೇಳಿ, ಸದ್ಯ ಗುಳಿಗೆ ಬೇಡ, ಮಾತುಕತೆಯಿಂದಲೇ ನೋಡೋಣವೆಂದು ಜಾಸ್ಮಿನ್ ಮೇಡಂ ಅವರಲ್ಲಿಗೆ ಕಳಿಸಿದರು. ಜಾಸ್ಮಿನ್ ಹುಬ್ಬಳ್ಳಿಯವರು, ಆಪ್ತಸಮಾಲೋಚಕಿ. ಲಸಿಕೆ ಹಾಕುವ ಕೋಣೆಯ ಬಾಜು ಅವರದೊಂದು ಸಣ್ಣ ಕೋಣೆ. ಕುರ್ಚಿಗಳನ್ನು ಎದುರುಬದುರು ಇಟ್ಟಿರಲಿಲ್ಲ. ಎರಡೂ ಕಿಟಕಿಯ ಕಡೆಗೆ ಮುಖ ಮಾಡಿದ್ದವು. ಹೊರಗೆ ಒಂದು ಬೇವಿನ ಮರ. “ಮಾತಾಡಬೇಕಂತೇನಿಲ್ಲ, ಕುಂದರ್ರಿ,” ಎಂದರು. ಮೊದಲ ದಿವಸ ದಾನೇಶ್ವರಿ ಬೇವಿನ ಮರ ನೋಡಿ ಬಂದಳು.

ನಂತರದ ವಾರಗಳಲ್ಲಿ ಜಾಸ್ಮಿನ್ ಹೇಳಿದ ಒಂದು ಮಾತನ್ನು ಆಕೆ ನನ್ನ ಮುಂದೆ ಎಷ್ಟೋ ಸಲ ಹೇಳಿದ್ದಾಳೆ. “ಎದಿ ಹೊಡ್ಕೊಳ್ಳೂದು ನಿಲ್ಲಲಿ, ಆಮ್ಯಾಲ ಮಾತಾಡತೇನಿ ಅಂತ ಕಾಯಬ್ಯಾಡ್ರಿ. ಅದು ಹೊಡ್ಕೊಳ್ಳಲಿ. ಅದರ ಜೋಡೀನ ಮಾತಾಡ್ರಿ.” ಹಾಗೆ ಹೇಳಿ ಸಣ್ಣ ಸಣ್ಣ ಕೆಲಸ ಒಪ್ಪಿಸುತ್ತಿದ್ದರು. ಆಸ್ಪತ್ರೆಯ ಮುಂದೆ ನಿಲ್ಲಿಸಿರೆಂದು ಕಂಡಕ್ಟರನಿಗೆ ಹೇಳಬೇಕು. ಮೊದಲ ಸಲ ಹೇಳಲಾಗದೆ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ನಡೆದುಕೊಂಡು ಹಿಂದಿರುಗಿದಳು. ಆಮೇಲೊಂದು ದಿವಸ ಹೇಳಿದಳು. ಇಮಾಮುದ್ದೀನನ ಅಂಗಡಿಯಲ್ಲಿ ಚೀಟಿಯಿಲ್ಲದೆ ಉಪ್ಪು ಕೇಳಬೇಕು. ಕೇಳಿದಳು, ಅವನು ಹೌದ್ರಿ ಹೌದ್ರಿ ಎನ್ನುತ್ತ ರೂಢಿಯಂತೆ ಚೀಟಿಗಾಗಿ ಕೈ ಚಾಚಿದ. ಅದನ್ನು ಹೇಳುವಾಗ ಆಕೆ ನಕ್ಕಳು.

ಮನೆಯಲ್ಲಿ ಹಲ್ಲಿನ ಸುಳ್ಳು ದೊಡ್ಡದಾಗುತ್ತಿತ್ತು. ಗೌರಕ್ಕ ಪ್ರತಿ ಮಂಗಳವಾರ ಸೊಸೆಗೆಂದು ಅನ್ನವನ್ನು ಮೆತ್ತಗೆ ಬೇಯಿಸಿ ಲವಂಗ ಕೊಡುತ್ತಿದ್ದಳು. ಸುಮಂಗಲೆ ಗಲ್ಲ ಹಿಡಿದು ಬಾಯೊಳಗೆ ಇಣುಕಿದಳು. “ಇಷ್ಟ ಮಂಗಳವಾರ ಹೋದಿ, ಒಂದ ಹಲ್ಲರ ಕಡಿಮಿ ಆಗಬೇಕಿತ್ತಲ್ಲ ಅಕ್ಕಾ. ನೀ ಕೀಳಸಾಕತ್ತೀಯೋ ಹಚ್ಚಸಾಕತ್ತೀಯೋ?”

ದಾನೇಶ್ವರಿ ಇಷ್ಟೆಲ್ಲ ಪಡುತ್ತಿದ್ದುದಕ್ಕೆ ಒಂದು ಗುರಿಯಿತ್ತು. ಏಳನೆಯ ತಿಂಗಳಿಗೆ ಸುಮಂಗಲೆಯ ಕುಬಸ ಬರುತ್ತಿತ್ತು. ಆ ಮನೆಯ ರೂಢಿಯಂತೆ ಹಿರಿಯ ಸೊಸೆ ಮೊದಲ ಆರತಿ ಹಿಡಿಯಬೇಕು. ಗಂಡನ ಹೆಸರಿಟ್ಟು ಒಡಪು ಹೇಳಿಯೇ ತಟ್ಟೆ ಇಳಿಸಬೇಕು. ಗೌರಕ್ಕ ಮುಂಚೆಯೇ ಒಂದು ಹಾದಿ ಯೋಚಿಸಿದ್ದಳು. ದಾನವ್ವ ಆರತಿ ಹಿಡಿದು ನಿಲ್ಲಲಿ, ಒಡಪನ್ನು ಕುಳಿತಲ್ಲಿಂದಲೇ ಸುಮಾ ಹೇಳಲಿ ಎಂದಿದ್ದಳು. ಕನಿಕರದಿಂದಲೇ ಹೇಳಿದ್ದಳು. ಆದರೆ ತಟ್ಟೆ ತನ್ನ ಕೈಯಲ್ಲಿದ್ದು ಮಾತು ಅವಳ ಬಾಯಲ್ಲಿರುವುದನ್ನು ನೆನೆದರೆ ದಾನೇಶ್ವರಿಗೆ ಅನ್ನ ಇಳಿಯುತ್ತಿರಲಿಲ್ಲ. ಈ ಸಲ ಹೇಳದಿದ್ದರೆ ಆ ಮನೆಯಲ್ಲಿ ತಾನು ಎಂದೆಂದಿಗೂ ತಟ್ಟೆ ಹಿಡಿಯುವವಳೇ ಎಂಬುದು ಆಕೆಗೆ ಖಚಿತವಾಗಿತ್ತು. ಅದನ್ನು ಜಾಸ್ಮಿನ್ ಅವರಿಗೂ ಹೇಳಿದ್ದಳು. ಆ ಕೋಣೆ, ಆ ಕಿಟಕಿ, ಆ ಹೆಂಗಸು ತನ್ನೊಬ್ಬಳ ಪಾಲಿನವರೆಂದು ಆಕೆ ನಂಬಿದ್ದಳು. ಸುಮಂಗಲೆ ಕಾಲಿಡದ ಜಾಗವೆಂದರೆ ಅದೊಂದೇ.

ಆರನೆಯ ತಿಂಗಳಲ್ಲಿ ಸುಮಂಗಲೆಯನ್ನು ತಪಾಸಣೆಗೆ ಅದೇ ಆಸ್ಪತ್ರೆಗೆ ಬರಹೇಳಿದರು. ಅದೂ ಮಂಗಳವಾರವೇ. ದಾನೇಶ್ವರಿ ಬೆಳಗಿನ ಬಸ್ಸಿಗೆ ಮುಂದಾಗಿ ಹೋಗಿ ಜಾಸ್ಮಿನ್ ಅವರ ಕೋಣೆಯ ಮುಂದಿನ ಬೆಂಚಿನ ಮೇಲೆ ಕುಳಿತಿದ್ದಳು. ತಪಾಸಣೆ ಮುಗಿಸಿದ ಸುಮಂಗಲೆ ಅತ್ತಿತ್ತ ತಿರುಗುತ್ತ ಅಲ್ಲಿಗೇ ಬಂದಳು. ಬಾಗಿಲ ಮೇಲಿನ ಹಲಗೆಯನ್ನು ಓದಿದಳು, ಅಕ್ಕನ ಮುಖ ನೋಡಿದಳು, ಹಲ್ಲಿನ ಮಾತು ಎತ್ತಲಿಲ್ಲ. ಬಾಜು ಕುಳಿತಳು. ಅಷ್ಟರಲ್ಲಿ ಜಾಸ್ಮಿನ್ ಹೊರಗೆ ಬಂದರು. ಸುಮಂಗಲೆ ಎದ್ದು ನಮಸ್ಕಾರ ಮಾಡಿ ತಾನು ಯಾರೆಂದು ಹೇಳಿದಳು. ಡಾಕ್ಟರು ಕೂಸು ಒದೆಯುತ್ತದೇನೆಂದು ಕೇಳಿದರೆಂದೂ, ಅವರಪ್ಪನ ಹಾಗೆ ಊಟದ ಹೊತ್ತಿಗೆ ಮಾತ್ರ ಏಳುತ್ತದೆಂದು ತಾನು ಉತ್ತರ ಕೊಟ್ಟೆನೆಂದೂ ಹೇಳಿದಳು. ಜಾಸ್ಮಿನ್ ಗೋಡೆಗೆ ಒರಗಿ ನಕ್ಕರು. ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ದಾನೇಶ್ವರಿ ಆ ದಿವಸ ಒಳಗೆ ಹೋಗಿ ಬೇವಿನ ಮರವನ್ನಷ್ಟೇ ನೋಡಿದಳು. ಮುಂದಿನ ಮಂಗಳವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಹಲ್ಲು ನೆಟ್ಟಗಾಯಿತೆಂದು ಗೌರಕ್ಕ ಸಮಾಧಾನಪಟ್ಟಳು. ಸುಮಂಗಲೆ ಆಸ್ಪತ್ರೆಯಲ್ಲಿ ಕಂಡದ್ದನ್ನು ಮನೆಯಲ್ಲಿ ಯಾರಿಗೂ, ಸಿದ್ಧಲಿಂಗನಿಗೂ ಹೇಳಲಿಲ್ಲ. ಊರ ಸುದ್ದಿಯನ್ನೆಲ್ಲ ಹರಡುವವಳು ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ಇದು ದಾನೇಶ್ವರಿಗೆ ಇನ್ನೂ ಹೆಚ್ಚು ಉರಿಯಿತು. ಆ ದೊಡ್ಡತನವೂ ಅವಳ ಪಾಲಿಗೇ ಹೋಯಿತಲ್ಲ ಎಂದು.

ಈ ಸಂಗತಿಯನ್ನೆಲ್ಲ ಆಕೆ ನಮ್ಮ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕುಳಿತು ಹೇಳಿದಳು. “ಮನಿ ತಗೊಂಡ್ಲು, ಮಂದಿ ತಗೊಂಡ್ಲು, ಒಡಪ ತಗೊಂಡ್ಲು. ನನಗಂತ ಒಬ್ಬಾಕಿ ಇದ್ಲು ಅಕ್ಕೋರ, ಆಕಿನ್ನೂ ನಗಿಸಿ ತಗೊಂಡ್ಲು.”

ಇದನ್ನು ನನಗೇಕೆ ಹೇಳುತ್ತೀ, ನಕ್ಕವರಿಗೆ ಹೋಗಿ ಹೇಳು ಎಂದೆ. ಆಕೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಸಿಟ್ಟಿನಿಂದಲೇ ಎದ್ದು ಹೋದಳು.

ಆದರೆ ಮಂಗಳವಾರ ಹೋದಳು. ಕಂಡಕ್ಟರನಿಗೆ ಆಸ್ಪತ್ರೆಯೆಂದು ಗದರುವಂತೆ ಹೇಳಿ ಇಳಿದಳಂತೆ. ಕೋಣೆಯಲ್ಲಿ ಕುಳಿತು, ಕಿಟಕಿಯ ಕಡೆಗಿದ್ದ ಕುರ್ಚಿಯನ್ನು ತಾನೇ ತಿರುಗಿಸಿ ಜಾಸ್ಮಿನ್ ಅವರ ಮುಖಕ್ಕೆ ಮುಖ ಕೊಟ್ಟು ಹೇಳಿದಳು. “ನೀವು ಆಕಿ ಜೋಡಿ ನಕ್ರಿ. ನನ್ನ ಜೋಡಿ ಹಂಗ ಎಂದೂ ನಕ್ಕಿಲ್ಲ. ನನಗ ಸೇರಲಿಲ್ಲ.”

ಜಾಸ್ಮಿನ್ ತಮ್ಮ ಕುರ್ಚಿಯನ್ನೂ ಆಕೆಯ ಕಡೆಗೆ ತಿರುಗಿಸಿದರು. ಹೌದು, ನಕ್ಕೆ, ನಗೆ ಬಂತು ಎಂದು ಒಪ್ಪಿಕೊಂಡರು. ತಪ್ಪಾಯಿತೆನ್ನಲಿಲ್ಲ, ನೀವೇ ಹೆಚ್ಚೆಂದು ಪುಸಲಾಯಿಸಲೂ ಇಲ್ಲ. ಆಮೇಲೆ ಕೇಳಿದರು: “ಈಗ ಎದಿ ಹೊಡ್ಕೊಳ್ಳಾಕತ್ತೈತೇನು?”

“ಭಾಳ.”

“ಕೈ?”

ದಾನೇಶ್ವರಿ ಕೈ ನೋಡಿಕೊಂಡಳು. ನಡುಗುತ್ತಿತ್ತು.

“ಹಂಗಿದ್ರೂ ನನ್ನ ಮುಖಕ್ಕ ಅಂದ್ರಿ. ಸಿಟ್ಟು ಮಾಡೇನಂತ ಅಂಜಿಕಿ ಇದ್ರೂ ಅಂದ್ರಿ. ಇಷ್ಟ ತಿಂಗಳದಾಗ ನಾ ಕೊಟ್ಟ ಯಾವ ಕೆಲಸಾನೂ ಇಷ್ಟ ದೊಡ್ಡದಿರಲಿಲ್ಲ ನೋಡ್ರಿ.”

ಆಮೇಲೆ ಆಕೆ ಒಡಪಿನ ವಿಷಯವನ್ನೆಲ್ಲ ಬಿಚ್ಚಿದಳು. ಯಾವುದು ಯಾವಾಗ ಕಟ್ಟಿದ್ದು, ಸುಮಂಗಲೆ ಎಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದು, ಎಲ್ಲವನ್ನೂ. ಜಾಸ್ಮಿನ್ ಕೇಳಿದ್ದು ಒಂದೇ: ಇವು ನಿಮ್ಮವೆಂದು ಸುಮಂಗಲೆಗೆ ಗೊತ್ತೇ? ಅದು ದಾನೇಶ್ವರಿಯ ತಲೆಗೆ ಬಂದೇ ಇರಲಿಲ್ಲ.

ಕುಬಸದ ದಿವಸ ಕುಬೇರಪ್ಪನವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಗೋಡೆಯ ಬದಿಗೆ ಕುಳಿತಿದ್ದೆ. ಸುಮಂಗಲೆ ಹಸಿರು ಸೀರೆಯುಟ್ಟು, ಮುಂಗೈ ತುಂಬ ಹಸಿರು ಬಳೆ ತೊಟ್ಟು, ದಂಡೆ ಮುಡಿದು ಕುರ್ಚಿಯಲ್ಲಿ ಕುಳಿತಿದ್ದಳು. ಬಹಳ ಚೆಂದ ಕಾಣುತ್ತಿದ್ದಳು. ಅದನ್ನು ದಾನೇಶ್ವರಿಯೂ ನೋಡುತ್ತಿದ್ದಳು. ಆಕೆಯ ಮುಖ ಬಿಗಿದಿತ್ತು. ಆರತಿಯ ತಟ್ಟೆ ಹಿಡಿದು ಬಂದಾಗ ದೀಪಗಳು ಅಲುಗುತ್ತಿದ್ದವು. ಧಾರವಾಡದ ಮಾತಾಡಿದ್ದ ಸೋದರತ್ತೆ ಮುಂದಿನ ಸಾಲಿನಲ್ಲಿಯೇ ಇದ್ದಳು.

ಆರತಿ ಬೆಳಗಿದ್ದಾಯಿತು. ತಟ್ಟೆ ಇಳಿಸುವ ಮೊದಲು ಹೆಸರು ಹೇಳಬೇಕು. ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಗೌರಕ್ಕ ಸುಮಂಗಲೆಗೆ ಕಣ್ಣು ಮಾಡಿದಳು. ಸುಮಂಗಲೆ ಅಕ್ಕನ ಕಡೆ ನೋಡಿದಳು, ತುಸು ತಡೆದಳು, ಆಮೇಲೆ ಸಹಾಯ ಮಾಡುವ ದನಿಯಲ್ಲಿ ತೊಡಗಿದಳು. “ಬಸರಿ ಕೈಯಾಗ ಇರಲಿ ತುಪ್ಪದ ಬಟ್ಟಲ...”

ಅದು ದಾನೇಶ್ವರಿ ಈ ದಿವಸಕ್ಕೆಂದೇ ಕಟ್ಟಿದ ಒಡಪು. ನಾಲ್ಕಾರು ದಿವಸದಿಂದ ಒಲೆಯ ಮುಂದೆ ಅದನ್ನೇ ಬಡಿದು ಬಡಿದು ತಿದ್ದಿದ್ದಳು. ಗೋಡೆಯ ಈಚೆಗೆ ಆ ತಾಳ ನನಗೂ ಕೇಳಿತ್ತು.

“ಸುಮಾ, ತಡಿ,” ಎಂದಳು ದಾನೇಶ್ವರಿ. ದನಿ ಒಡೆದಿತ್ತು. “ಅದು ನಂದೈತಿ. ನಾನ ಹೇಳತೇನಿ.”

ಸೋದರತ್ತೆ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು; ಈ ಸಲ ಅದು ಬರಿಯ ಅನಿಸಿಕೆಯಾಗಿರಲಿಲ್ಲ. ಕತ್ತಿನ ನರ ಹೊಡೆದುಕೊಳ್ಳುವುದು ನನ್ನಷ್ಟು ದೂರಕ್ಕೂ ಕಾಣುತ್ತಿತ್ತು. ಆಕೆ ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಬಡಿದಳು, ರೊಟ್ಟಿಯನ್ನು ಬಡಿಯುವ ಹಾಗೆ.

“ಬಸರಿ ಕೈಯಾಗ ಇರಲಿ ತುಪ್ಪದ ಬಟ್ಟಲ...”

ಅಲ್ಲಿಗೆ ನಿಂತಿತು. ಹಿಂದಿನಿಂದ ಯಾರೋ ಸಣ್ಣಗೆ ನಕ್ಕರು. ಸುಮಂಗಲೆಯ ತುಟಿ ಮುಂದಿನ ಸಾಲಿಗೆ ಅಲುಗಿತು. ಅದನ್ನು ಕಂಡೊಡನೆ ದಾನೇಶ್ವರಿ ಆಕೆಯನ್ನು ದುರುಗುಟ್ಟಿ ನೋಡಿದಳು. ಅಂಥ ನೋಟವನ್ನು ನಾನು ಆಕೆಯ ಕಣ್ಣಲ್ಲಿ ಬಮ್ಮಿಗಟ್ಟಿಯಲ್ಲಿಯೂ ಕಂಡಿರಲಿಲ್ಲ. ಸುಮಂಗಲೆ ತುಟಿ ಮುಚ್ಚಿದಳು.

“ಗೌರೀಶ ಅವರ ಮನಿ ತೊಲಿಗೆ ತೂಗಲಿ ತೊಟ್ಟಿಲ.”

ಗೌರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು, ಹೆಂಗಸರು ಒಮ್ಮೆಲೇ ಮಾತಿಗೆ ತೊಡಗಿದರು. ಚಪ್ಪಾಳೆಯೇನೂ ಬೀಳಲಿಲ್ಲ, ಬೆರಗಿನಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಹೊರಗಿನ ಕಟ್ಟೆಯ ಮೇಲಿದ್ದ ಗಂಡಸರ ನಡುವಿನಿಂದ ಗೌರೀಶ ಎದ್ದು ಬಾಗಿಲವರೆಗೆ ಬಂದು ನಿಂತಿದ್ದ. ಅವನು ನಗಲಿಲ್ಲ. ತನ್ನ ಹೆಸರನ್ನು ಮೊದಲ ಸಲ ಕೇಳಿದವನಂತೆ ನಿಂತಿದ್ದ. ದಾನೇಶ್ವರಿ ತಟ್ಟೆ ಇಳಿಸಿ ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟಳು. ಅಡುಗೆಮನೆಗೆ ಮಾತ್ರ ಹೋಗಲಿಲ್ಲ.

ಊಟವಾದ ಮೇಲೆ ಸುಮಂಗಲೆ ಬಳೆಗಳ ಸಪ್ಪಳ ಮಾಡುತ್ತ ಬಂದು ಅಕ್ಕನ ಬಾಜು ಕುಳಿತಳು. “ಅವೆಲ್ಲಾ ನಿನ್ನೂವೇನ?” ಎಂದು ಕೇಳಿದಳು. “ನಾ ಬಮ್ಮಿಗಟ್ಟಿ ಒಡಪು ಅಂತ ತಿಳಿದಿದ್ನೆಲ್ಲ ಅಕ್ಕಾ. ನಿಮ್ಮವ್ವ ಹೇಳಿಕೊಟ್ಟಾಳ, ನೀ ನೆನಸಾಕತ್ತಿ ಅಂತ. ಒಡಪಿಗೆ ಯಾರರ ಮಾಲಕರ ಇರತಾರೇನ?”

ಅವಳು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆಯ ಹೆಂಗಸರು ಒಡಪನ್ನು ಬಾಯಿಂದ ಬಾಯಿಗೆ ತೆಗೆದುಕೊಳ್ಳುತ್ತಾರೆ, ಹೆಸರು ಬದಲಿಸಿ ಹೇಳುತ್ತಾರೆ. ಇದನ್ನು ಕಟ್ಟಿದವರು ಯಾರೆಂದು ನಾನೂ ಎಂದೂ ಕೇಳಿದವಳಲ್ಲ. ಅಷ್ಟು ದಿವಸ ಕಳವೆಂದುಕೊಂಡು ಉರಿದದ್ದು ಕಳವೇ ಆಗಿರಲಿಲ್ಲ. ಇದರಿಂದ ದಾನೇಶ್ವರಿಗೆ ಸಮಾಧಾನವಾಗಿರಬೇಕೆಂದು ನಾನು ಎಣಿಸಿದ್ದೆ. ಆಗಲಿಲ್ಲವಂತೆ. ಕಳವೆಂದು ಬೈದುಕೊಳ್ಳುವ ಒಂದು ಸುಖವಿತ್ತು, ಅದನ್ನೂ ಸುಮಾ ಕಿತ್ತುಕೊಂಡಳು ಎಂದಳು. ಹೇಳುವಾಗ ನಗುತ್ತಿದ್ದಳು, ಆದರೆ ಪೂರ್ತಿ ನಗುತ್ತಿರಲಿಲ್ಲ.

ಈಗಲೂ ಮಂಗಳವಾರ ಕುಂದಗೋಳಕ್ಕೆ ಹೋಗುತ್ತಾಳೆ, ವಾರಕ್ಕಲ್ಲದಿದ್ದರೂ ತಿಂಗಳಿಗೆ. ಹಲ್ಲಿನ ನೆಪ ಬಿಟ್ಟಿದ್ದಾಳೆ. ಅಂಜಿಕೆ ಹೋಗಿಲ್ಲ, ಶಾಲೆಯ ಸಭೆಯಲ್ಲಿ ಒಳಗೆ ಕೂಡುತ್ತಾಳೆ, ಇನ್ನೂ ಮಾತನಾಡಿಲ್ಲ. ಮತ್ಸರವೂ ಹೋಗಿಲ್ಲ. ತೊಟ್ಟಿಲಲ್ಲಿರುವ ಸುಮಂಗಲೆಯ ಮಗ ತನ್ನನ್ನು ಕಂಡರೆ ಹೆಚ್ಚು ನಗುತ್ತಾನೆಂದು ಈಚೆಗೆ ನನಗೆ ಮೆಲ್ಲಗೆ ಹೇಳಿ ಹೋದಳು.

ಮೊನ್ನೆ ಬೆಳಿಗ್ಗೆ ಗೋಡೆಯ ಆಚೆ ರೊಟ್ಟಿಯ ಸಪ್ಪಳದ ನಡುವೆ ಸುಮಂಗಲೆಯ ದನಿ ಕೇಳಿಸಿತು. ಬಳಗದಲ್ಲಿ ಮದುವೆಯಿದೆ, ಅಕ್ಕಾ, ನನಗೊಂದು ಕಟ್ಟಿಕೊಡು ಎನ್ನುತ್ತಿದ್ದಳು. ಬಡಿತ ನಿಂತಿತು. ದಾನೇಶ್ವರಿ ಸ್ವಲ್ಪ ಯೋಚಿಸಿ ಎರಡು ಸಾಲು ಹೇಳಿದ್ದು ಕೇಳಿತು, ಸುಮಂಗಲೆ ಒಪ್ಪಿಕೊಂಡು ಎದ್ದು ಹೋದದ್ದೂ ಕೇಳಿತು. ಆಮೇಲೆ ಬಡಿತ ಮತ್ತೆ ಮೊದಲಾಯಿತು, ಮೊದಲಿಗಿಂತ ಮೆಲ್ಲಗೆ.

ಮಧ್ಯಾಹ್ನ ದಾನೇಶ್ವರಿ ಕಟ್ಟೆಗೆ ಬಂದಾಗ, ಕೊಟ್ಟೆಯಲ್ಲ, ಒಳ್ಳೆಯದಾಯಿತು ಎಂದೆ.

“ಕೊಟ್ನಿರಿ ಅಕ್ಕೋರ,” ಎಂದಳು, ಶೇಂಗಾ ಸುಲಿಯುತ್ತ. “ಅದರಕಿಂತ ಚಲೋದೊಂದು ನನಗ ಇಟಗೊಂಡೀನಿ.”